‘ಈ ಸಲ ಕಪ್ ನಮ್ದೇ’: ಒಂದು ಮಾತಿನ ವ್ಯಾಕರಣ

(ಬಾನುಲಿ ಭಾಷಣ)



ನಾಲ್ಕು ಪದಗಳ ಒಂದು ಪುಟ್ಟ ವಾಕ್ಯವನ್ನು ಕುರಿತು ಈ ಹೊತ್ತು ತಮ್ಮೊಡನೆ ಮಾತಾಡಬೇಕೆಂದಿದ್ದೇನೆ. ಅದು ಯಾವ ಕಾವ್ಯದಿಂದಲೂ ಆಯ್ದದ್ದಲ್ಲ. ಯಾವ ಶಾಸನದಲ್ಲಿಯೂ ಕೆತ್ತಿದ್ದಲ್ಲ. ಪಂಡಿತರು ಕೇಳಿದರೆ ಗ್ರಾಮ್ಯವೆಂದು ಮೂಗು ಮುರಿದಾರು. ಆದರೂ ಕವಿಗಳು ಅಸೂಯೆಪಡುವಷ್ಟು ನಾಲಗೆಗಳು ಅದಕ್ಕೆ ದೊರೆತಿವೆ. ಮೊಬೈಲಿನ ತೆರೆಯ ಮೇಲೆ, ಆಟೋರಿಕ್ಷಾದ ಬೆನ್ನ ಮೇಲೆ, ಹುಡುಗರ ಅಂಗಿಗಳ ಮೇಲೆ ಅದನ್ನು ತಾವೂ ಓದಿರುತ್ತೀರಿ. ‘ಈ ಸಲ ಕಪ್ ನಮ್ದೇ’ ಎಂಬುದೇ ಆ ವಾಕ್ಯ.

ಕ್ರಿಕೆಟ್ಟಿನ ಗೊಡವೆಯಿಲ್ಲದ ಕೇಳುಗರಿಗಾಗಿ ಇದರ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 2008ರಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ ಎಂಬ ಇಪ್ಪತ್ತು ಓವರುಗಳ ಪಂದ್ಯಾವಳಿ ಆರಂಭವಾಯಿತು. ನಗರಗಳ ಹೆಸರು ಹೊತ್ತ ತಂಡಗಳ ನಡುವೆ ಪ್ರತಿವರ್ಷ ನಡೆಯುವ ಸ್ಪರ್ಧೆ ಅದು. ನಮ್ಮ ರಾಜಧಾನಿಯ ಹೆಸರಿನ ತಂಡ ರಾಯಲ್ ಚಾಲೆಂಜರ್ಸ್. ಈ ತಂಡ 2009ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಅಂತಿಮ ಪಂದ್ಯವನ್ನು 6 ರನ್ನುಗಳಿಂದ ಸೋತಿತು. 2011ರಲ್ಲಿ ಚೆನ್ನೈಯಲ್ಲಿ 58 ರನ್ನುಗಳಿಂದ ಸೋತಿತು. 2016ರಲ್ಲಿ ತನ್ನ ಸ್ವಂತ ಅಂಗಳವಾದ ಬೆಂಗಳೂರಿನಲ್ಲಿಯೇ 8 ರನ್ನುಗಳಿಂದ ಸೋತಿತು. 2017ರಲ್ಲಿಯಂತೂ ಕೋಲ್ಕತಾದ ಒಂದು ಪಂದ್ಯದಲ್ಲಿ ಇಡೀ ತಂಡ 49 ರನ್ನುಗಳಿಗೆ ಕುಸಿದುಹೋಯಿತು. ‘ಈ ಸಲ ಕಪ್ ನಮ್ದೇ’ ಎಂಬ ಮಾತು ಜಾಲತಾಣಗಳಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿದ್ದು ಅದರ ಮರುವರ್ಷ, 2018ರ ಬೇಸಗೆಯಲ್ಲಿ. ಗೆದ್ದವರ ಬೀಗುವಿಕೆಯಿಂದ ಹುಟ್ಟಿದ ಮಾತಲ್ಲ ಇದು; ಹತ್ತು ವರ್ಷ ಸೋತವರ ಬಾಯಿಂದ ಹೊರಟದ್ದು. ಮುಂದಿನ ವಿಚಾರಕ್ಕೆಲ್ಲ ಇದೇ ತಳಹದಿಯಾದ್ದರಿಂದ ಇದನ್ನು ಮೊದಲೇ ಹೇಳಿದೆ.

ಮೂವತ್ತು ವರ್ಷಕ್ಕೂ ಮಿಗಿಲಾಗಿ ಕನ್ನಡ ಪಾಠ ಹೇಳಿದವನಿಗೆ ಯಾವ ವಾಕ್ಯ ಕಂಡರೂ ಬಿಡಿಸಿ ನೋಡುವ ಚಟ ಅಂಟಿರುತ್ತದೆ. ಈ ವಾಕ್ಯವನ್ನೂ ಬಿಡಿಸಿ ನೋಡೋಣ.

ಮೊದಲನೆಯದು ‘ಈ ಸಲ’. ‘ಈ’ ಎಂಬುದು ಹತ್ತಿರದ್ದನ್ನು ಬೆರಳುಮಾಡಿ ತೋರಿಸುವ ಪದ. ಬೆರಳು ಯಾವ ಕಡೆ ತಿರುಗಿದರೆ ಅದರ ಅರ್ಥವೂ ಆ ಕಡೆ ತಿರುಗುತ್ತದೆ. ‘2018ರಲ್ಲಿ ಕಪ್ ನಮ್ದೇ’ ಎಂದು ಹೇಳಿದ್ದರೆ ಆ ಮಾತು 2018ರಲ್ಲಿಯೇ ಸುಳ್ಳಾಗಿ ಸತ್ತುಹೋಗುತ್ತಿತ್ತು. ‘ಈ ಸಲ’ ಎಂದದ್ದರಿಂದ ಅದಕ್ಕೆ ಸಾವಿಲ್ಲ. ಒಂದು ವರ್ಷ ಸುಳ್ಳಾದರೆ ಮರುವರ್ಷ ಅದೇ ವಾಕ್ಯ ಮೈಕೊಡವಿಕೊಂಡು ಹೊಸದಾಗಿ ಎದ್ದು ನಿಲ್ಲುತ್ತದೆ, ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ. ಮಳೆಯನ್ನು ನಂಬಿದ ನಮ್ಮ ರೈತ ‘ಈ ಸಲ ಪರವಾಗಿಲ್ಲ, ಬೆಳೆ ಬರ್ತದೆ’ ಎನ್ನುವುದೂ ಇದೇ ಧಾಟಿಯಲ್ಲಿ. ಹೋದ ಸಲದ ಬರವನ್ನು ಆ ‘ಈ’ ಎಂಬ ಒಂದಕ್ಷರ ಹಿಂದಕ್ಕೆ ತಳ್ಳಿಬಿಡುತ್ತದೆ.

ಎರಡನೆಯದು ‘ಕಪ್’. ಇಂಗ್ಲಿಷಿನಿಂದ ಬಂದ ಪದ. ವ್ಯಂಜನದಲ್ಲಿ ಕೊನೆಗೊಳ್ಳುವ ಪರಭಾಷೆಯ ಪದಗಳಿಗೆ ಕನ್ನಡದ ನಾಲಗೆ ಒಂದು ಉಕಾರವನ್ನು ಸೇರಿಸಿಕೊಂಡು ಮನೆಯ ಮಗುವನ್ನಾಗಿ ಮಾಡಿಕೊಳ್ಳುವುದು ವಾಡಿಕೆ. ಬಸ್ ಬಸ್ಸಾಯಿತು, ಕಾರ್ ಕಾರಾಯಿತು. ‘ಬಸ್ಸು ಬಂತು’, ‘ಕಾರು ನಿಂತಿತು’ ಎನ್ನುತ್ತೇವೆ. ಅದೇ ರೀತಿ ‘ಕಪ್ಪು’ ಎನ್ನಬೇಕಾಗಿತ್ತು. ಆದರೆ ‘ಈ ಸಲ ಕಪ್ಪು ನಮ್ದೇ’ ಎಂದರೆ ಅದು ಬಣ್ಣದ ಮಾತಾಗಿಬಿಡುತ್ತದೆ. ಅಷ್ಟು ವರ್ಷ ಸೋತವರ ಮಟ್ಟಿಗೆ ಅಪಶಕುನವೂ ಆದೀತು. ‘ಕಪ್ಪ’ ಎಂದರೆ ಸಾಮಂತರು ಚಕ್ರವರ್ತಿಗೆ ತೆರುವ ಕಾಣಿಕೆ. ಹದಿನೇಳು ಋತುಗಳ ಕಾಲ ಈ ತಂಡದ ಅಭಿಮಾನಿಗಳು ಬೇರೆ ಬೇರೆ ಊರುಗಳಿಗೆ ಒಪ್ಪಿಸುತ್ತ ಬಂದದ್ದು ಅದನ್ನೇ ಎಂದು ಯಾರಾದರೂ ಚೇಷ್ಟೆ ಮಾಡಿದರೆ ಉತ್ತರ ಕೊಡುವುದು ಕಷ್ಟ. ಅಂತೂ ಕಪ್ಪು, ಕಪ್ಪ ಎರಡರ ನಡುವೆ ತೂರಿಕೊಂಡು ‘ಕಪ್’ ಎಂಬ ಮೋಟು ರೂಪವೇ ಉಳಿಯಿತು.

ಅದು ಹಾಗೆ ಉಳಿಯುವುದಕ್ಕೆ ಇನ್ನೊಂದು ಕಾರಣವಿದೆ, ಅದು ಛಂದಸ್ಸಿನದು. ದಯವಿಟ್ಟು ತಾವು ಕುಳಿತಲ್ಲಿಯೇ ಮೆಲ್ಲನೆ ತಾಳ ಹಾಕಿ ನೋಡಿ. ‘ಈ ಸಲ’ ಎಂಬಲ್ಲಿ ಒಂದು ಗುರು, ಎರಡು ಲಘು, ಒಟ್ಟು ನಾಲ್ಕು ಮಾತ್ರೆ. ‘ಕಪ್ ನಮ್’ ಎಂಬಲ್ಲಿ ಎರಡು ಗುರು, ಮತ್ತೆ ನಾಲ್ಕು ಮಾತ್ರೆ. ಕೊನೆಗೆ ‘ದೇ’ ಎಂಬ ಒಂದು ಗುರು. ಅದನ್ನು ಎಷ್ಟು ಬೇಕಾದರೂ ಎಳೆಯಬಹುದು. ಮಕ್ಕಳ ಪದ್ಯಗಳಲ್ಲಿಯೂ ಕೋಲಾಟದ ಪದಗಳಲ್ಲಿಯೂ ನಮಗೆ ಚಿರಪರಿಚಿತವಾದ ನಾಲ್ಕು ಮಾತ್ರೆಯ ನಡೆಯೇ ಇದು. ಇದನ್ನು ‘ಈ ಸಲ ಕಪ್ಪು ನಮ್ಮದೇ’ ಎಂದು ತಿದ್ದಿದರೆ ನಾಲ್ಕು, ಮೂರು, ಐದು ಎಂದು ಕಾಲು ಕುಂಟುತ್ತದೆ. ‘ಈ ಬಾರಿಯ ಪ್ರಶಸ್ತಿ ನಮ್ಮದೇ ಆಗಿರುತ್ತದೆ’ ಎಂದು ಶುದ್ಧವಾಗಿ ಬರೆದರೆ ಅದು ಸುತ್ತೋಲೆಯಾಗುತ್ತದೆ. ಸಾವಿರಾರು ಜನ ಒಂದೇ ಉಸಿರಿನಲ್ಲಿ ಕೂಗಬೇಕಾದ ಮಾತು ತನ್ನ ಮಾತ್ರೆಯನ್ನು ತಾನೇ ಕಂಡುಕೊಳ್ಳುತ್ತದೆ. ‘ನಮ್ಮದೇ’ ಎಂಬುದು ‘ನಮ್ದೇ’ ಆದದ್ದು ಅಜ್ಞಾನದಿಂದಲ್ಲ, ಲಯದ ಜ್ಞಾನದಿಂದ.

ಈ ವಾಕ್ಯದಲ್ಲಿ ಕ್ರಿಯಾಪದವಿಲ್ಲ ಎಂಬುದನ್ನೂ ತಾವು ಗಮನಿಸಿರಬಹುದು. ಇತರ ಊರಿನವರ ಘೋಷಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಇದರ ಸ್ವಾರಸ್ಯ ತಿಳಿಯುತ್ತದೆ. ಚೆನ್ನೈಯವರ ‘ವಿಸಿಲ್ ಪೋಡು’ ಎಂಬುದು ಶಿಳ್ಳೆ ಹೊಡೆ ಎಂಬ ವಿಧಿ. ಕೋಲ್ಕತಾದವರ ‘ಕೊರ್ಬೋ, ಲೊರ್ಬೋ, ಜೀತ್ಬೋ’ ಎಂಬುದು ಮಾಡುವೆವು, ಹೋರಾಡುವೆವು, ಗೆಲ್ಲುವೆವು ಎಂಬ ಪ್ರತಿಜ್ಞೆ; ಮೂರೂ ಭವಿಷ್ಯತ್ಕಾಲದ ಕ್ರಿಯಾಪದಗಳು. ನಮ್ಮ ವಾಕ್ಯದಲ್ಲಿ ವಿಧಿಯೂ ಇಲ್ಲ, ಪ್ರತಿಜ್ಞೆಯೂ ಇಲ್ಲ. ಕನ್ನಡಕ್ಕೆ ‘ಇದು ನನ್ನ ಮನೆ’ ಎಂದು ಕ್ರಿಯಾಪದವಿಲ್ಲದೆಯೇ ಪೂರ್ಣವಾಕ್ಯ ಹೇಳುವ ಶಕ್ತಿಯಿದೆ. ಕ್ರಿಯೆಯಿಲ್ಲವಾದ್ದರಿಂದ ಕಾಲವೂ ಇಲ್ಲ. ಕಪ್ ನಮ್ಮದಾಗಿದೆಯೆ, ನಮ್ಮದಾಗುವುದೆ, ನಮ್ಮದಾಗಲಿ ಎಂಬ ಹಾರೈಕೆಯೆ? ವಾಕ್ಯ ಬಾಯಿಬಿಡುವುದಿಲ್ಲ. ಕೂಗುವವನು ತನಗೆ ಬೇಕಾದ ಕಾಲವನ್ನು ತುಂಬಿಕೊಳ್ಳುತ್ತಾನೆ.

ಇನ್ನು ಉಳಿದದ್ದು ಕೊನೆಯ ಪದ. ಈ ಪುಟ್ಟ ವಾಕ್ಯದ ಜೀವವೆಲ್ಲ ಅಲ್ಲಿದೆ. ‘ನಮ್ಮದು’ ಎಂಬುದಕ್ಕೆ ‘ಏ’ ಸೇರಿ ‘ನಮ್ಮದೇ’ ಆಗಿದೆ. ಶಾಲೆಯ ವ್ಯಾಕರಣದಲ್ಲಿ ಇದನ್ನು ಅವಧಾರಣಾರ್ಥಕ ಅವ್ಯಯವೆಂದು ಕಲಿತದ್ದು ತಮಗೆ ನೆನಪಿರಬಹುದು. ಹಲವು ಇರುವ ಕಡೆ ಇದೊಂದೇ ಎಂದು ಬೇರ್ಪಡಿಸಿ ನಿಶ್ಚಯವಾಗಿ ಹೇಳುವುದು ಅವಧಾರಣೆ. ಧಾರವಾಡದ ಕಡೆಯವರು ಇದನ್ನೇ ಎಳೆದು ‘ನಮ್ದಽ’ ಎಂದಾರು. ರೂಪ ಯಾವುದಾದರೂ ಇರಲಿ, ಆ ಒಂದು ಸ್ವರ ಮೇಜು ಕುಟ್ಟಿ ಹೇಳಿದಂತೆ ಕೇಳುತ್ತದೆ.

ಆದರೆ ಒಂದು ವಿಶೇಷವನ್ನು ವ್ಯಾಕರಣ ಪುಸ್ತಕಗಳು ಸಾಮಾನ್ಯವಾಗಿ ಬಿಡಿಸಿ ಹೇಳುವುದಿಲ್ಲ. ನಾವು ಒತ್ತಿ ಹೇಳುವುದು ಯಾವಾಗ? ಎದುರಿಗಿದ್ದವನಿಗೋ ನಮಗೋ ಸಂದೇಹವಿದ್ದಾಗ ಮಾತ್ರ. ‘ಇದು ನನ್ನ ಕೊಡೆ’ ಎಂಬುದು ಒಂದು ವಿಷಯದ ನಿವೇದನೆ. ‘ಇದು ನನ್ನದೇ ಕೊಡೆ’ ಎಂದ ಕೂಡಲೇ ಅಲ್ಲಿ ಒಂದು ತಕರಾರು ಇದೆಯೆಂದು ಗೊತ್ತಾಗುತ್ತದೆ. ‘ಅವನು ಒಳ್ಳೆಯವನು’ ಎಂದರೆ ಹೊಗಳಿಕೆ. ‘ಅವನು ಒಳ್ಳೆಯವನೇ’ ಎಂದರೆ ಆ ಏಕಾರದ ಬೆನ್ನಿಗೆ ಒಂದು ‘ಆದರೆ’ ಕಾದು ನಿಂತಿರುತ್ತದೆ. ನಿಶ್ಚಯವನ್ನು ಸೂಚಿಸಬೇಕಾದ ಅಕ್ಷರ ಒಳಗಿನ ಅನಿಶ್ಚಯವನ್ನು ಬಯಲುಮಾಡುವುದು ಭಾಷೆಯ ಸೋಜಿಗಗಳಲ್ಲಿ ಒಂದು.

2019ರಲ್ಲಿ, ನನ್ನ ಅಧ್ಯಾಪನದ ಕೊನೆಯ ದಿನಗಳಲ್ಲಿ, ತರಗತಿಯ ಕರಿಹಲಗೆಯ ಮೇಲೆ ಹುಡುಗರು ಈ ವಾಕ್ಯವನ್ನು ದೊಡ್ಡದಾಗಿ ಬರೆದಿಟ್ಟಿದ್ದರು. ಅಂದಿನ ಪಾಠವೂ ಅವ್ಯಯವೇ ಆಗಿತ್ತು. ಅಳಿಸುವುದಕ್ಕೆ ಬದಲಾಗಿ, ‘ಕೊನೆಯ ಏಕಾರವನ್ನು ತೆಗೆದರೆ ಏನಾಗುತ್ತದೆ?’ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, ‘ಧೈರ್ಯ ಹೊರಟುಹೋಗುತ್ತೆ ಸಾರ್’ ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಅವಧಾರಣೆಗೆ ಅದಕ್ಕಿಂತ ಒಳ್ಳೆಯ ಲಕ್ಷಣವಾಕ್ಯವನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಆ ವರ್ಷ ತಂಡ ಪಟ್ಟಿಯ ತಳದಲ್ಲಿತ್ತು. ಧೈರ್ಯ ಬೇಕಾಗಿದ್ದದ್ದು ಆಗಲೇ.

ಇದು ಪದಗಳ ವಿಚಾರ. ಪ್ರಯೋಗದ ವಿಚಾರ ಇದಕ್ಕಿಂತ ಸ್ವಾರಸ್ಯವಾದದ್ದು. ‘ಸೂರ್ಯ ಮುಳುಗಿದ’ ಎಂಬ ಒಂದೇ ಮಾತು ಕೇಳುವವನು ಯಾರು ಎಂಬುದರ ಮೇಲೆ ಬೇರೆ ಬೇರೆ ಅರ್ಥಗಳನ್ನು ಕೊಡುತ್ತದೆ ಎಂದು ನಮ್ಮ ಆಲಂಕಾರಿಕರು ವಿವರಿಸಿದ್ದಾರೆ. ದನಗಾಹಿಗೆ ಹಟ್ಟಿಗೆ ಮರಳುವ ಹೊತ್ತು. ಕಳ್ಳನಿಗೆ ಕೆಲಸಕ್ಕೆ ಹೊರಡುವ ಹೊತ್ತು. ಇದನ್ನು ಅವರು ವ್ಯಂಗ್ಯಾರ್ಥವೆಂದು, ಧ್ವನಿಯೆಂದು ಕರೆದರು. ‘ಈ ಸಲ ಕಪ್ ನಮ್ದೇ’ ಎಂಬ ಮಾತಿಗೂ ಇದೇ ಗತಿಯಾಯಿತು. ಮೊದಲು ಅದು ಅಭಿಮಾನಿಯ ಹಾರೈಕೆ. ತಂಡ ಸೋತ ರಾತ್ರಿ ಅದೇ ವಾಕ್ಯವನ್ನು, ಒಂದಕ್ಷರವೂ ವ್ಯತ್ಯಾಸವಿಲ್ಲದೆ, ಎದುರು ತಂಡದ ಅಭಿಮಾನಿಗಳು ಜಾಲತಾಣದಲ್ಲಿ ಬರೆದರು. ಈಗ ಅದು ಇರಿತ. ಹೊಗಳುವಂತೆ ತೋರಿ ತೆಗಳುವುದನ್ನು ವ್ಯಾಜಸ್ತುತಿಯೆನ್ನುತ್ತೇವೆ. ಅದಕ್ಕೆ ಇನ್ನು ಮೇಲೆ ಹಳೆಯ ಕಾವ್ಯಗಳಿಂದ ಉದಾಹರಣೆ ಹುಡುಕುವ ಶ್ರಮ ಅಧ್ಯಾಪಕರಿಗಿಲ್ಲ.

ಅಚ್ಚರಿಯೆಂದರೆ ಇರಿತವನ್ನು ತಿಂದವರು ಆ ಚೂರಿಯನ್ನು ಕಸಿದುಕೊಂಡು ತರಕಾರಿ ಹೆಚ್ಚತೊಡಗಿದರು. ‘ಈ ಸಲ ಹೋಯ್ತು, ಮುಂದಿನ ಸಲ ಕಪ್ ನಮ್ದೇ’ ಎಂದು ತಮ್ಮನ್ನು ತಾವೇ ಗೇಲಿಮಾಡಿಕೊಂಡರು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನು, ಹೆಣ್ಣು ನೋಡಿ ಬರಿಗೈಯಲ್ಲಿ ಬಂದವನು, ಬಡ್ತಿಗೆ ಕಾದು ಕುಳಿತ ಗುಮಾಸ್ತ, ಎಲ್ಲರಿಗೂ ಈ ಮಾತು ಒದಗಿಬಂತು. ಆಗ ‘ಕಪ್’ ಎಂಬುದರ ವಾಚ್ಯಾರ್ಥ ಕರಗಿಹೋಗಿ, ಮನುಷ್ಯನು ಬಯಸಿ ಬಯಸಿ ಕೈಗೆ ಸಿಗದೆ ಹೋಗುವ ಯಾವುದೇ ವಸ್ತುವಿಗೆ ಅದು ಹೆಸರಾಯಿತು. ಒಂದು ಮಾತು ನುಡಿಗಟ್ಟಾಗುವುದು ಹೀಗೆಯೇ. ಗಾದೆಗಳಿಗೆ ಕರ್ತೃವಿಲ್ಲ, ಇದಕ್ಕೂ ಇಲ್ಲ. ಜಾಲತಾಣದಲ್ಲಿ ಇದನ್ನು ಪದಗಳ ನಡುವೆ ತೆರವು ಬಿಡದೆ ಒಂದೇ ಉದ್ದದ ಸರಮಾಡಿ ಬರೆಯುತ್ತಾರೆ. ಹಳೆಯ ಶಾಸನಗಳನ್ನು ಓದಿದವರಿಗೆ ಆ ಬರವಣಿಗೆ ಹೊಸದೆನಿಸದು. ನಮ್ಮ ಕಲ್ಲುಕುಟಿಗರೂ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ.

ಈ ‘ನಾವು’ ಯಾರು ಎಂಬ ಪ್ರಶ್ನೆಗೆ ಈಗ ಬರೋಣ. ಕಾನೂನಿನ ಕಣ್ಣಿನಲ್ಲಿ ಈ ತಂಡ ವ್ಯಾಪಾರಿಗಳ ಸೊತ್ತು. ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ. ಮೊದಲ ಋತುವಿನಿಂದಲೂ ಈ ತಂಡವೊಂದರಲ್ಲೇ ಆಡಿದ ವಿರಾಟ್ ಕೊಹ್ಲಿ ದೆಹಲಿಯವರು. 2025ರಲ್ಲಿ ನಾಯಕರಾಗಿದ್ದ ರಜತ್ ಪಾಟೀದಾರ್ ಇಂದೂರಿನವರು. ವೇಗದ ಬೌಲರ್ ಜೋಶ್ ಹೇಜಲ್‌ವುಡ್ ಆಸ್ಟ್ರೇಲಿಯದವರು. ಹೀಗಿರುವಾಗ ‘ನಮ್ದೇ’ ಎಂದು ಕೂಗುವ ದಾವಣಗೆರೆಯ ಹುಡುಗನಿಗೆ ಯಾವ ಹಕ್ಕಿದೆ ಎಂದು ತರ್ಕಶಾಸ್ತ್ರಿ ಕೇಳಬಹುದು.

ಕನ್ನಡವನ್ನು ಬಲ್ಲವನು ಹಾಗೆ ಕೇಳಲಾರ. ಏಕೆಂದರೆ ನಮ್ಮ ‘ನಮ್ಮ’ ಎಂಬ ಪದ ಒಡೆತನದ ಪದವಲ್ಲ, ನಂಟಿನ ಪದ. ಒಬ್ಬನೇ ಮಗನಾದವನೂ ‘ನನ್ನ ಅಮ್ಮ’ ಎನ್ನದೆ ‘ನಮ್ಮಮ್ಮ’ ಎನ್ನುತ್ತಾನೆ. ಗಂಡನ ಹೆಸರು ಹೇಳಲು ಸಂಕೋಚಪಡುವ ಗೃಹಿಣಿ ‘ನಮ್ಮನೆಯವರು’ ಎನ್ನುತ್ತಾಳೆ. ಬಾಡಿಗೆ ಮನೆಯಲ್ಲಿರುವವನೂ ‘ನಮ್ಮನೆಗೆ ಬನ್ನಿ’ ಎಂದು ಕರೆಯುತ್ತಾನೆ. 2011ರಲ್ಲಿ ಬೆಂಗಳೂರಿನಲ್ಲಿ ಓಡತೊಡಗಿದ ಮೆಟ್ರೋ ರೈಲಿಗೆ ‘ನಮ್ಮ ಮೆಟ್ರೋ’ ಎಂದು ಹೆಸರಿಟ್ಟದ್ದೂ ಈ ನುಡಿಗುಣವನ್ನು ಅರಿತೇ ಇರಬೇಕು. ದಾವಣಗೆರೆಯ ಹುಡುಗನಿಗೆ ಕಪ್ಪಿನ ಮೇಲೆ ಹಕ್ಕಿಲ್ಲ. ಆದರೆ ಹತ್ತು ಹದಿನೈದು ವರ್ಷ ಅದಕ್ಕಾಗಿ ನಿದ್ದೆಗೆಟ್ಟ ನಂಟು ಇದೆ. ಕನ್ನಡದ ಷಷ್ಠೀ ವಿಭಕ್ತಿಗೆ ಅಷ್ಟು ಸಾಕು.

ಇನ್ನೊಂದು ಸೂಕ್ಷ್ಮವಿದೆ. ತಮಿಳು, ತೆಲುಗು, ತುಳು ಭಾಷೆಗಳಲ್ಲಿ ‘ನಾವು’ ಎಂಬುದಕ್ಕೆ ಎರಡೆರಡು ಪದಗಳಿವೆ. ಕೇಳುತ್ತಿರುವ ನಿನ್ನನ್ನೂ ಸೇರಿಸಿಕೊಂಡು ನಾವು ಎನ್ನುವುದು ಒಂದು. ನಿನ್ನನ್ನು ಬಿಟ್ಟು ನಾವು ಎನ್ನುವುದು ಇನ್ನೊಂದು. ತೆಲುಗಿನವನು ‘ಮನ’ ಎನ್ನಬೇಕೋ ‘ಮಾ’ ಎನ್ನಬೇಕೋ ಎಂದು ಮೊದಲೇ ತೀರ್ಮಾನಿಸಬೇಕು. ಮಂಗಳೂರಿನವನು ‘ನಮ’ವೋ ‘ಎಂಕುಳು’ವೋ ಎಂದು ಆರಿಸಿಕೊಳ್ಳಬೇಕು. ಇಂದಿನ ಶಿಷ್ಟ ಕನ್ನಡದಲ್ಲಿ ಆ ಭೇದ ಉಳಿದಿಲ್ಲ. ಹಳಗನ್ನಡದಲ್ಲಿ ‘ಎಮ್ಮ’, ‘ನಮ್ಮ’ ಎಂಬ ಎರಡು ರೂಪಗಳಿದ್ದವು; ಈಗ ನಮಗಿರುವುದು ಒಂದೇ ‘ನಮ್ಮ’. ಅದರ ಬಾಗಿಲನ್ನು ತೆರೆದಿಡುವುದೂ ಮುಚ್ಚುವುದೂ ಆಡುವವನ ಮನಸ್ಸಿಗೆ ಬಿಟ್ಟದ್ದು. ಕೆಲಸಕ್ಕಾಗಿ ಬೆಂಗಳೂರಿಗೆ ಬಂದ ಬಿಹಾರದ ಬಡಗಿ, ಒಡಿಶಾದ ಕಾವಲುಗಾರ, ಲಖನೌದ ಎಂಜಿನಿಯರ್ ಇವರಲ್ಲಿ ಎಷ್ಟೋ ಮಂದಿ ಪೂರ್ಣವಾಗಿ ನುಡಿದ ಮೊದಲ ಕನ್ನಡ ವಾಕ್ಯ ಇದೇ ಇರಬೇಕು. ಅವರು ‘ನಮ್ದೇ’ ಎಂದಾಗ ಯಾರೂ ‘ನಿಮ್ಮದು ಹೇಗೆ?’ ಎಂದು ಕೇಳಲಿಲ್ಲ. ಭಾಷೆಯ ಹೆಸರಿನಲ್ಲಿ ಜಗಳಗಳು ಹೆಚ್ಚುತ್ತಿರುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಪರಭಾಷಿಕರ ನಾಲಗೆಯಲ್ಲಿ ಈ ವಾಕ್ಯ ಪಟ್ಟ ಪಾಡು ತಮಾಷೆಯದೂ ಆಗಿದೆ. 2023ರಲ್ಲಿ ತಂಡದ ನಾಯಕರಾಗಿದ್ದ ದಕ್ಷಿಣ ಆಫ್ರಿಕದ ಫಾಫ್ ಡು ಪ್ಲೆಸಿ, ‘ನಮ್ದೇ’ ಎನ್ನುವುದಕ್ಕೆ ಬದಲು ‘ನಹೀ’ ಎಂದುಬಿಟ್ಟರು. ‘ಈ ಸಲ ಕಪ್ ನಹೀ!’ ಪಕ್ಕದಲ್ಲಿದ್ದ ಕೊಹ್ಲಿಗೆ ನಗೆ ತಡೆಯಲಾಗಲಿಲ್ಲ. ಆ ವರ್ಷ ಕಪ್ ಬರಲೂ ಇಲ್ಲ. ಕನ್ನಡ ವಾಕ್ಯಕ್ಕೆ ಹಿಂದಿಯ ಬಾಲ ಅಂಟಿದ್ದಕ್ಕೆ ಆದ ಗತಿ ಇದು ಎಂದು ನಮ್ಮ ಕನ್ನಡಪರ ಮಿತ್ರರು ಹೇಳಿದರೆ ನಾನು ಪ್ರತಿವಾದ ಹೂಡುವುದಿಲ್ಲ.

ಆದರೆ ಈ ವಾಕ್ಯಕ್ಕೆ ಸರಿಯಾದ ಭಾಷ್ಯ ಬರೆದವರೂ ಕನ್ನಡ ಮನೆಮಾತಲ್ಲದ ಒಬ್ಬ ಹೆಣ್ಣುಮಗಳೇ. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಇದೇ ಹೆಸರಿನ ಮಹಿಳಾ ತಂಡ ಮಹಿಳೆಯರ ಪ್ರೀಮಿಯರ್ ಲೀಗನ್ನು ಗೆದ್ದಿತು. ಗಂಡಸರು ಹದಿನಾರು ಋತುಗಳಲ್ಲಿ ತರಲಾರದ ಕಪ್ಪನ್ನು ಹೆಣ್ಣುಮಕ್ಕಳು ಎರಡನೆಯ ಋತುವಿನಲ್ಲಿಯೇ ತಂದರು. ನಾಯಕಿ ಸ್ಮೃತಿ ಮಂಧಾನ, ನಮ್ಮ ಗಡಿಗೆ ಸಮೀಪದ ಸಾಂಗಲಿಯಲ್ಲಿ ಬೆಳೆದವರು. ಗೆದ್ದ ರಾತ್ರಿ ಮಾತಾಡುತ್ತ, ಅಭಿಮಾನಿಗಳು ಯಾವಾಗಲೂ ‘ಈ ಸಲ ಕಪ್ ನಮ್ದೇ’ ಎನ್ನುತ್ತಿದ್ದರು, ಈಗ ಅದು ‘ಈ ಸಲ ಕಪ್ ನಮ್ದು’ ಆಯಿತು ಎಂದರು.

ಶ್ರೋತೃಗಳೆ, ಆ ಮಾತು ಕೇಳಿದಾಗ ಈ ಮುದಿ ಮೇಷ್ಟರಿಗೆ ಆದ ಸಂತೋಷವನ್ನು ತಾವು ಊಹಿಸಬಲ್ಲಿರಿ. ಗೆಲ್ಲುವವರೆಗೆ ಅವಧಾರಣೆ ಬೇಕಾಗಿತ್ತು. ಗೆದ್ದ ಮೇಲೆ ಅದು ಬೇಡ. ಕಪ್ ಕೈಯಲ್ಲಿರುವಾಗ ಮೇಜು ಕುಟ್ಟುವುದೇಕೆ? ಸಂದೇಹ ಹೋದೊಡನೆ ಏಕಾರವೂ ಹೋಯಿತು. ‘ನಮ್ದೇ’ ಎಂಬುದು ಇಲ್ಲದವನ ಮಾತು, ‘ನಮ್ದು’ ಎಂಬುದು ಇರುವವನ ಮಾತು. ಅವ್ಯಯ ಪ್ರಕರಣದಲ್ಲಿ ನಾವು ಪುಟಗಟ್ಟಲೆ ಬರೆದು ತಿಳಿಸಲು ಹೆಣಗುವುದನ್ನು ಆಕೆ ಒಂದು ಸ್ವರವನ್ನು ಕೈಬಿಟ್ಟು ತಿಳಿಸಿದರು. ಮರುವರ್ಷ, 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ ಪುರುಷರ ತಂಡವೂ ಪಂಜಾಬನ್ನು ಸೋಲಿಸಿ ಹದಿನೆಂಟನೆಯ ಋತುವಿನಲ್ಲಿ ಮೊದಲ ಬಾರಿಗೆ ಕಪ್ ಗೆದ್ದಿತು. ಗೆಲುವಿನ ಅಂತರ 6 ರನ್. 2009ರಲ್ಲಿ ಮೊದಲ ಅಂತಿಮ ಪಂದ್ಯವನ್ನು ಸೋತ ಅಂತರವೂ ಅದೇ. ಆ ರಾತ್ರಿ ನಾಯಕ ಪಾಟೀದಾರ್ ಕೂಡ ‘ನಮ್ದು’ ಎಂದೇ ನುಡಿದರು. ಒಂದು ವಾಕ್ಯ ಏಳು ವರ್ಷ ಹೊತ್ತ ಹರಕೆ ಅಲ್ಲಿಗೆ ತೀರಿದಂತಾಯಿತು.

ಕಥೆ ಅಲ್ಲಿಗೇ ನಿಂತಿದ್ದರೆ ನಾನು ಈ ಭಾಷಣವನ್ನು ಇಲ್ಲಿಗೇ ಮುಗಿಸಿ, ಭಾಷೆಯ ಚಮತ್ಕಾರಕ್ಕೆ ತಲೆದೂಗಿ ತಮ್ಮಿಂದ ಬೀಳ್ಕೊಳ್ಳುತ್ತಿದ್ದೆ. ಆದರೆ ಮರುದಿನ ಜೂನ್ 4.

ಅಂದು ಮಧ್ಯಾಹ್ನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವವೆಂದು ಸುದ್ದಿ ಹಬ್ಬಿತು. ಅದು ಹಬ್ಬಿದ್ದೂ ಆ ವಾಕ್ಯವನ್ನು ಹಬ್ಬಿಸಿದ ಜಾಲತಾಣಗಳಲ್ಲಿಯೇ. ಸುಮಾರು 35,000 ಮಂದಿ ಹಿಡಿಸುವ ಆ ಜಾಗದ ಸುತ್ತ ಲಕ್ಷಗಟ್ಟಲೆ ಜನ ನೆರೆದರು. ಗೇಟುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಹೆಚ್ಚಿನವರು ಎಳೆಯ ವಯಸ್ಸಿನವರು. ಕಪ್ಪನ್ನು ಕಣ್ಣಿನಿಂದ ಒಮ್ಮೆ ನೋಡಿ ಬರೋಣವೆಂದು ಹೊರಟವರು. ಹೊರಗೆ ಸಾವು ಸಂಭವಿಸಿದ ಹೊತ್ತಿನಲ್ಲಿ ಒಳಗೆ ಸಂಭ್ರಮ ನಡೆದಿತ್ತು.

ತಪ್ಪು ಯಾರದು ಎಂಬುದನ್ನು ವಿಚಾರಿಸಲು ಆಯೋಗಗಳಿವೆ, ನ್ಯಾಯಾಲಯಗಳಿವೆ. ಅದು ನನ್ನ ಅಧಿಕಾರದ ವಿಷಯವಲ್ಲ. ನನ್ನ ಅಧಿಕಾರ ಏನಿದ್ದರೂ ಮಾತುಗಳ ಮೇಲೆ. ಅದರ ಮಟ್ಟಿಗೆ ಒಂದು ಸಂಗತಿಯನ್ನು ಹೇಳಬಲ್ಲೆ. ಹಿಂದಿನ ರಾತ್ರಿ ಎಲ್ಲರ ಬಾಯಲ್ಲಿಯೂ ‘ನಮ್ದು’ ಇತ್ತು. ಕಪ್ಪಿನ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳಲು ಸಣ್ಣವರಿಂದ ದೊಡ್ಡವರವರೆಗೆ ಎಲ್ಲರಿಗೂ ಅದು ‘ನಮ್ದು’ ಆಗಿತ್ತು. 11 ಹೆಣಗಳು ಬಿದ್ದ ಮೇಲೆ, ಹೊಣೆಯ ಪ್ರಶ್ನೆ ಎದ್ದೊಡನೆ, ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸತೊಡಗಿದರು. ವ್ಯವಸ್ಥೆ ನಮ್ಮದಲ್ಲ, ಕರೆ ನಮ್ಮದಲ್ಲ, ಅನುಮತಿ ನಮ್ಮದಲ್ಲ. ಇಪ್ಪತ್ತನಾಲ್ಕು ಗಂಟೆಗಳ ಅಂತರದಲ್ಲಿ ‘ನಮ್ದು’ ಎಂಬುದು ‘ನಮ್ದಲ್ಲ’ ಆಯಿತು. ವ್ಯಾಕರಣ ಇದಕ್ಕೆ ನಿಷೇಧವೆಂದಷ್ಟೇ ಹೆಸರಿಡುತ್ತದೆ. ಅದರ ನಿಜವಾದ ಹೆಸರನ್ನು ಸತ್ತವರ ಮನೆಯವರನ್ನು ಕೇಳಬೇಕು.

ಇದನ್ನು ದೊಡ್ಡವರ ಮೇಲೆ ಹೊರಿಸಿ ನಾವು ಸುಮ್ಮನಾಗುವಂತಿಲ್ಲ. ಮರುದಿನದಿಂದ ಜಾಲತಾಣಗಳಲ್ಲಿ ಸತ್ತವರನ್ನೇ ಹಳಿಯುವ ಮಾತುಗಳೂ ಕಾಣಿಸಿದವು. ಅಷ್ಟು ಜನ ಸೇರುವಲ್ಲಿಗೆ ಹೋದದ್ದೇಕೆ, ಕೆಲಸವಿಲ್ಲದವರು, ಹುಚ್ಚು ಅಭಿಮಾನಿಗಳು ಎಂದರು. ಹಾಗೆ ಹೇಳಿದವರಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ಅದೇ ಜಾಲತಾಣದಲ್ಲಿ ‘ನಮ್ದೇ’ ಎಂದು ಬರೆದವರು. ಅವರ ‘ನಾವು’ ಎಂಬುದರೊಳಗೆ ಸತ್ತವರಿಗೆ ಒಮ್ಮೆಲೇ ಜಾಗವಿಲ್ಲದೆ ಹೋಯಿತು. ತೆರೆದೇ ಇದ್ದ ಬಾಗಿಲನ್ನು ಎಳೆದುಕೊಂಡದ್ದಾಯಿತು. ನಮ್ಮ ಭಾಷೆಯಲ್ಲಿ ಸೇರಿಸಿಕೊಳ್ಳುವ ‘ನಾವು’ ಮತ್ತು ಹೊರಗಿಡುವ ‘ನಾವು’ ಎಂಬ ಎರಡು ಪದಗಳಿಲ್ಲ ಎಂದೆನಲ್ಲ, ಅದರಲ್ಲಿ ಒಂದು ಅಪಾಯವೂ ಇದೆ. ಯಾವುದನ್ನು ಆಡುತ್ತಿದ್ದೇವೆಂದು ನಮಗೇ ತಿಳಿಯದಂತೆ ಒಂದರಿಂದ ಇನ್ನೊಂದಕ್ಕೆ ಜಾರಿಬಿಡಬಹುದು.

ಜಾಲತಾಣದ ಮಾತುಗಳನ್ನು ಹಗುರವಾಗಿ ಕಾಣುವ ನನ್ನ ಓರಗೆಯವರು ಅನೇಕರಿದ್ದಾರೆ. ಹುಡುಗರು ಕನ್ನಡ ಕೆಡಿಸುತ್ತಿದ್ದಾರೆ ಎಂಬುದು ಅವರ ಕೊರಗು. ನನಗೆ ಆ ಕೊರಗಿಲ್ಲ. ಕ್ರಿಯಾಪದವಿಲ್ಲದೆ ಆಸೆಯನ್ನು ಹೇಳಬಲ್ಲ, ಒಂದು ಸ್ವರದಲ್ಲಿ ಸಂದೇಹವನ್ನೂ ಧೈರ್ಯವನ್ನೂ ಒಟ್ಟಿಗೆ ಅಡಗಿಸಬಲ್ಲ, ಸೋಲನ್ನು ನಗೆಯಾಗಿ ತಿರುಗಿಸಬಲ್ಲ ವಾಕ್ಯವನ್ನು ಕಟ್ಟಿದವರ ಕೈಯಲ್ಲಿ ಕನ್ನಡ ಕ್ಷೇಮವಾಗಿದೆ. ನನಗಿರುವ ಚಿಂತೆ ಬೇರೆ. ಒಂದು ಮಾತನ್ನು ಲಕ್ಷ ಜನ ಒಟ್ಟಿಗೆ ಕೂಗುವಾಗ ಅದರ ಲಯ ಎಲ್ಲರಿಗೂ ಸಿಗುತ್ತದೆ. ಅದರ ಅರ್ಥದ ಭಾರವನ್ನು ಹೊರುವವರು ಯಾರೂ ಇರುವುದಿಲ್ಲ. ಕೂಗಿನಲ್ಲಿ ‘ನಮ್ದೇ’ ಎಂಬುದು ಎಲ್ಲರದೂ ಆಗಿರುತ್ತದೆ, ಹಾಗೆಯೇ ಯಾರದೂ ಆಗಿರುವುದಿಲ್ಲ.

ನಮ್ಮ ವ್ಯಾಕರಣದಲ್ಲಿ ವಸ್ತುವನ್ನು ಹೇಳುವಾಗ ‘ನಮ್ಮದು’ ಎನ್ನುತ್ತೇವೆ. ಮನುಷ್ಯರನ್ನು ಹೇಳುವಾಗ ‘ನಮ್ಮವರು’ ಎನ್ನುತ್ತೇವೆ. ಪ್ರತ್ಯಯ ಬೇರೆಯಾದರೂ ಎರಡಕ್ಕೂ ಮೂಲ ಒಂದೇ ‘ನಮ್ಮ’. ಕಪ್ಪಿಗೆ ಈ ಪದವನ್ನು ಹಚ್ಚುವುದು ಸುಲಭ. ಅದು ಹೊಳೆಯುವ ಲೋಹ, ನಮ್ಮನ್ನು ಏನನ್ನೂ ಕೇಳುವುದಿಲ್ಲ. ಮನುಷ್ಯರಿಗೆ ಹಚ್ಚಿದರೆ ಅವರಿಗೆ ದಾರಿ ಬಿಡಬೇಕಾಗುತ್ತದೆ, ಬಿದ್ದರೆ ಎತ್ತಬೇಕಾಗುತ್ತದೆ, ಸತ್ತರೆ ಸೂತಕ ಹಿಡಿಯಬೇಕಾಗುತ್ತದೆ.

ಆ ವಾಕ್ಯ ಇನ್ನು ಮುಂದೆಯೂ ಕೇಳಿಬರುತ್ತದೆ. ಬೇಸಗೆ ಬಂದರೆ ‘ಈ ಸಲ’ ಎಂಬುದೂ ಬಂದೇ ಬರುತ್ತದೆ. ಹುಡುಗರು ಕೂಗಲಿ, ನಾವೂ ದನಿಗೂಡಿಸೋಣ. ಕಪ್ಪಿನ ವಿಷಯದಲ್ಲಿ ಏಕಾರವನ್ನು ಇಟ್ಟುಕೊಳ್ಳುವುದೂ ಬಿಡುವುದೂ ಆಯಾ ವರ್ಷದ ಆಟಕ್ಕೆ ಸೇರಿದ್ದು. ಆದರೆ ಅಂದು ಗೇಟಿನ ಬಳಿ ಉಸಿರು ಕಟ್ಟಿ ಹೋದ ಆ 11 ಮಂದಿಯನ್ನು ನೆನೆಯುವಾಗ ಮಾತ್ರ ಏಕಾರವನ್ನು ಬಿಡದಿರೋಣ. ಅವರು ನಮ್ಮವರೇ.